ಚೆಸ್ ಯಂತ್ರ ಯೋಚಿಸುವಷ್ಟು ಹೊತ್ತು

ಮದುವೆಯಾಗಿ ನಾನು ನ್ಯಾಮತಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ತವರು ಚನ್ನಗಿರಿ ಕಡೆ, ಸೂಳೆಕೆರೆಯ ದಂಡೆಯ ಒಂದು ಹಳ್ಳಿ. ಅಲ್ಲಿ ಮನೆ ತುಂಬ ಅಕ್ಕತಂಗಿಯರು. ಇಲ್ಲಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ನಮ್ಮ ಮನೆಯವರು, ಅತ್ತೆ, ನಾನು, ಮೂರೇ ಜನ. ಅತ್ತೆ ಕೆಟ್ಟವರಲ್ಲ. ಆದರೆ ಹೆಂಗಸರು ಸುಮ್ಮನೆ ಕೂತು ಮಾತಾಡುವುದು ಅವರಿಗೆ ಸರಿಬರುತ್ತಿರಲಿಲ್ಲ. ಹಿತ್ತಲ ಬೇಲಿಯ ಹತ್ತಿರ ನಿಂತು ಪಕ್ಕದ ಮನೆಯವಳ ಜೊತೆ ಎರಡು ಮಾತಾಡಿದರೆ ಒಳಗೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ನಾನು ಒಳಗೆ ಬಂದುಬಿಡುತ್ತಿದ್ದೆ.

ಎಂಬತ್ತರ ದಶಕ ಶುರುವಾದ ಮೇಲೆ ಕುವೈತ್‌ನಲ್ಲಿದ್ದ ನನ್ನ ಮೈದುನ ರಜೆಗೆ ಬರುವಾಗ ಅಣ್ಣನಿಗೆಂದು ಒಂದು ಚೆಸ್ ಯಂತ್ರ ತಂದ. ಕಪ್ಪು ಡಬ್ಬಿ, ಮೇಲೆ ಗುಂಡಿಗಳು, ಒಂದು ಸಣ್ಣ ಕಿಟಕಿ. ನಾವು ಒಂದು ಕಾಯಿ ನಡೆಸಿ, ಎಲ್ಲಿಂದ ಎಲ್ಲಿಗೆ ಎಂದು ಗುಂಡಿ ಒತ್ತಿದರೆ ಅದು ಯೋಚನೆ ಮಾಡಿ, ತನ್ನ ನಡೆಯನ್ನು ಕಿಟಕಿಯಲ್ಲಿ ಕೆಂಪು ಅಕ್ಷರದಲ್ಲಿ ತೋರಿಸುತ್ತಿತ್ತು. ಎಷ್ಟು ಹೊತ್ತು ಯೋಚಿಸಬೇಕು ಅನ್ನುವುದನ್ನೂ ನಾವೇ ಹೇಳಬಹುದಿತ್ತು. ನಮ್ಮ ಮನೆಯವರಿಗೆ ಮೊದಲಿನಿಂದ ಚದುರಂಗದ ಹುಚ್ಚು. ಯಂತ್ರ ಬಂದ ಮೇಲೆ ಊಟ ತಣ್ಣಗಾಗತೊಡಗಿತು.

ಹೊನ್ನಾಳಿಯಲ್ಲಿ ಅವರಿಗೊಬ್ಬ ಸ್ನೇಹಿತರಿದ್ದರು, ಬ್ಯಾಂಕಿನಲ್ಲಿ ಆಫೀಸರು. ಅವರ ಹತ್ತಿರವೂ ಬೊಂಬಾಯಿಯಿಂದ ತಂದ ಅಂಥದ್ದೇ ಒಂದು ಯಂತ್ರ, ಬೇರೆ ಕಂಪನಿಯದು. ಯಾರದು ಜೋರು ಅನ್ನುವ ಮಾತು ಬಂದೇ ಬಂತು. ಎರಡನ್ನೂ ಎದುರುಬದುರು ಇಟ್ಟು ಆಡಿಸಿ ನೋಡುವುದೆಂದು ಒಂದು ಭಾನುವಾರ ಇಬ್ಬರೂ ಕೂತರು. ಸಂಜೆಯೊಳಗೆ ಜಗಳ. ಯಂತ್ರ ಯೋಚಿಸುತ್ತಿರುವಾಗಲೇ ಅವಸರ ಮಾಡಿಸುವ ಗುಂಡಿಯೊಂದಿತ್ತು. ಅದನ್ನು ನೀವು ಒತ್ತಿದಿರಿ ಎಂದು ಇವರು, ನೀವು ತಪ್ಪು ಮನೆ ಒತ್ತಿದಿರಿ ಎಂದು ಅವರು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ಗುಂಡಿ ಒತ್ತುವವರಿಗೆ ಗೆಲುವು ಸೋಲು ಬೇಕಾಗಿರಬಾರದು. ಹಾಗಾಗಿ ಆ ಕೆಲಸ ಹೆಂಡತಿಯರ ಪಾಲಿಗೆ ಬಂತು.

ಮುಂದಿನ ಭಾನುವಾರ ಆಫೀಸರು ತಮ್ಮ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ನನಗಿಂತ ಮೂರ್ನಾಲ್ಕು ವರ್ಷ ಚಿಕ್ಕವಳು. ಜಗಳೂರಿನವಳು. ನಮ್ಮಿಬ್ಬರ ನಡುವೆ ಚದುರಂಗದ ಹಲಗೆ, ಅವಳ ಪಕ್ಕ ಅವರ ಯಂತ್ರ, ನನ್ನ ಪಕ್ಕ ನಮ್ಮದು. ಅವಳ ಯಂತ್ರ ಹೇಳಿದ ಕಾಯಿಯನ್ನು ಅವಳು ನಡೆಸಬೇಕು, ನಾನು ಅದನ್ನು ನನ್ನ ಯಂತ್ರಕ್ಕೆ ಒತ್ತಿ ಹೇಳಬೇಕು. ಆಮೇಲೆ ಕಾಯಬೇಕು. ಬೇಗ ಆಡುವ ಮಟ್ಟದಲ್ಲಿ ಕಣ್ಣುಮುಚ್ಚಿ ಬಿಡುವುದರೊಳಗೆ ಉತ್ತರ. ನಿಧಾನದ ಮಟ್ಟಕ್ಕೆ ಹಾಕಿದರೆ ಒಂದೊಂದು ನಡೆಗೆ ಒಲೆಯ ಮೇಲೆ ಹಾಲು ಕಾಯುವಷ್ಟು ಹೊತ್ತು. ಎದ್ದು ಹೋಗುವಂತಿಲ್ಲ. ಗಂಡಸರು ಜಗುಲಿಯಲ್ಲಿ ಇರುತ್ತಿದ್ದರು, ಒಳಗೆ ಬಂದು ಹಲಗೆ ನೋಡಬಾರದೆಂದು ಅವರೇ ಮಾಡಿಕೊಂಡ ನಿಯಮ. ಅತ್ತೆ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. ಮಗನೇ ವಹಿಸಿದ ಕೆಲಸ, ಅವರು ಏನೂ ಅನ್ನುವಂತಿರಲಿಲ್ಲ.

ಮೊದಲ ಸಲ ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಅವಳು ಶುರು ಮಾಡಿದಳು. ಜಗಳೂರಿನ ಬಿಸಿಲು, ಶೇಂಗಾ ಕೀಳುವಾಗ ಮಣ್ಣಿನ ವಾಸನೆ, ಸಂಜೆ ಕುರಿ ಮಂದೆ ಊರೊಳಗೆ ಬಂದಾಗ ಏಳುವ ಧೂಳಿನಲ್ಲಿ ಎದುರಿನ ಮನೆಯೇ ಕಾಣದೆ ಹೋಗುವುದು. ಹೊನ್ನಾಳಿಯಲ್ಲಿ ಹೊಳೆ ಅಷ್ಟು ಹತ್ತಿರ ಇದ್ದರೂ ತನಗೆ ನಿದ್ದೆ ಸರಿಯಾಗಿ ಬರುವುದಿಲ್ಲವೆಂದಳು. ನಾನು ಕೆರೆಯ ಸುದ್ದಿ ಹೇಳಿದೆ, ಅಕ್ಕತಂಗಿಯರ ಸುದ್ದಿ ಹೇಳಿದೆ. ಹೊಟ್ಟೆಯಲ್ಲೇ ಹೋದ ನನ್ನ ಮೊದಲ ಮಗುವಿನ ವಿಷಯವನ್ನು ಅದುವರೆಗೆ ಯಾರ ಹತ್ತಿರವೂ ಆಡಿರಲಿಲ್ಲ, ಅವಳ ಹತ್ತಿರ ಆಡಿದೆ. ಅವಳು ಸಮಾಧಾನ ಹೇಳಲಿಲ್ಲ. ಅದಕ್ಕೆ ಏನಾದರೂ ಹೆಸರು ಅಂದುಕೊಂಡಿದ್ದಿರಾ ಎಂದು ಕೇಳಿದಳು. ಅಂದುಕೊಂಡಿದ್ದೆ. ಹೇಳಿದೆ. ಅಷ್ಟರಲ್ಲಿ ಕೆಂಪು ಅಕ್ಷರ ಮೂಡಿತು, ಕುದುರೆ ನಡೆಸಿದೆವು.

ಒಂದು ವಾರ ಅವರ ಮನೆ, ಒಂದು ವಾರ ನಮ್ಮ ಮನೆ. ಭಾನುವಾರ ಬೆಳಗ್ಗೆ ಹೊನ್ನಾಳಿ ಬಸ್ಸು ಹತ್ತುವಾಗ ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಒಂದು ದಿನ ಆಟದ ಮಧ್ಯೆ ಅವಳು ಕೈ ತಡೆದಳು. “ಅಕ್ಕ, ಇದು ಹೋದ ವಾರದ ಆಟನೇ. ನನ್ನ ಬೆರಳಿಗೇ ಗೊತ್ತಾಗ್ತೈತೆ,” ಅಂದಳು.

ನಿಜ, ನನಗೂ ಹಾಗೇ ಅನ್ನಿಸಿತ್ತು. ಗಂಡಸರನ್ನು ಕರೆದೆವು. ಯಂತ್ರಗಳಿಗೆ ಬೇಸರವೆಂಬುದಿಲ್ಲವಲ್ಲ, ಶುರು ಒಂದೇ ಆದರೆ ಕೊನೆಯವರೆಗೂ ಅದೇ ಆಟ ಆಡುತ್ತವೆ, ಹೀಗೆ ಎಷ್ಟು ಆಡಿಸಿದರೂ ಒಂದು ಆಟ ಆಡಿಸಿದಂತೆಯೇ ಎಂದು ನಮ್ಮ ಮನೆಯವರು ತಲೆ ಮೇಲೆ ಕೈ ಇಟ್ಟುಕೊಂಡರು. ಅಂದಿನಿಂದ ಹೊಸ ಕ್ರಮ ಬಂತು. ಪ್ರತಿ ಆಟದ ಮೊದಲ ಕೆಲವು ನಡೆಗಳನ್ನು ನಾವಿಬ್ಬರು ಮನಸ್ಸಿಗೆ ಬಂದಂತೆ ಇಡಬೇಕು, ಅಲ್ಲಿಂದ ಮುಂದೆ ಯಂತ್ರಗಳು. ಆಮೇಲೆ ಬಣ್ಣ ಅದಲುಬದಲು ಮಾಡಿ ಅದೇ ಶುರುವಿನಿಂದ ಇನ್ನೊಂದು ಆಟ. ಅವಳು ಯಾವಾಗಲೂ ಮೂಲೆಯ ಪೇದೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು. ಅಲ್ಲಿ ಒಂಟಿಯಾಗಿ ನಿಂತಿರುತ್ತದೆ, ಸ್ವಲ್ಪ ಓಡಾಡಲಿ ಅನ್ನುತ್ತಿದ್ದಳು.

ಆ ಕೆಲವು ನಡೆ ಬಿಟ್ಟರೆ ನಾವಿಬ್ಬರೂ ಒಬ್ಬರೆದುರು ಒಬ್ಬರು ಆಡಲಿಲ್ಲ. ಆಡಬೇಕೆಂದು ಅಂದುಕೊಳ್ಳುತ್ತಿದ್ದೆವು. ಆದರೆ ಆಟ ಶುರು ಮಾಡಿದರೆ ಮಾತು ನಿಲ್ಲುತ್ತಿತ್ತು.

ಒಂದು ಬೇಸಿಗೆ, ನಮ್ಮ ಮನೆಯಲ್ಲಿ, ನನ್ನ ಯಂತ್ರ ಯೋಚಿಸುತ್ತಿದ್ದಾಗ ಅವಳು ಸೆರಗಿನ ತುದಿ ತಿರುಗಿಸುತ್ತ ಹೇಳಿದಳು: “ನಮ್ಮ ಊರಿಗೇ ಟ್ರಾನ್ಸ್‌ಫರ್ ಆಗೈತೆ ಅಕ್ಕ.”

ಮುಖದಲ್ಲಿ ಸಂತೋಷ ಮುಚ್ಚಿಡಲು ಆಗುತ್ತಿರಲಿಲ್ಲ ಅವಳಿಗೆ. ಯಾಕೆ ಮುಚ್ಚಿಡಬೇಕು? ಅವ್ವ ಇರುವ ಊರು. ಒಳ್ಳೇದಾಯ್ತು ಬಿಡು ಅಂದೆ. ಹೋಗುವುದು ಯಾವಾಗ ಎಂದು ಕೇಳಿದೆ. ಅವಳು ಏನು ಉತ್ತರ ಕೊಟ್ಟಳೋ ನೆನಪಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ, “ಅಕ್ಕ, ನಿಮ್ಮದು ಆಡೈತೆ,” ಎಂದಾಗ ನೋಡಿದೆ. ಅಕ್ಷರ ಯಾವಾಗಲೋ ಮೂಡಿತ್ತು.

ನಿಧಾನದ ಮಟ್ಟದ ಆಟಗಳು ಇನ್ನೂ ಉಳಿದಿದ್ದವು. ಮಳೆಗಾಲ ಕಳೆದ ಮೇಲೆ ನಮ್ಮ ಮನೆಯವರು, ಅರ್ಧಕ್ಕೆ ಬಿಟ್ಟರೆ ಯಾವುದು ಜೋರೆಂದು ಹೇಳಾಕೆ ಬರಲ್ಲ ಎಂದು ನನ್ನನ್ನು ಜಗಳೂರಿಗೆ ಕರೆದುಕೊಂಡು ಹೊರಟರು. ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆವು. ಹಸಿರು ಹಿಂದೆ ಉಳಿದು ಕೆಂಪು ನೆಲ ಬಂದಂತೆಲ್ಲ, ಅವಳು ಹೇಳಿದ್ದ ಊರನ್ನು ನಾನು ಮೊದಲೇ ನೋಡಿದ್ದೇನೆ ಅನ್ನಿಸುತ್ತಿತ್ತು. ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅವರು ಇದ್ದದ್ದು ಅವಳ ತವರಿನಲ್ಲೇ, ಮನೆ ತುಂಬ ಜನ. ಅವ್ವ, ಅತ್ತಿಗೆಯರು, ತಂಗಿಯರು, ಪಡಸಾಲೆಯಲ್ಲಿ ಶೇಂಗಾ ಸುಲಿಯುವವರು. ಅವಳು ಒದ್ದೆ ಕೈಯಲ್ಲೇ ಓಡಿ ಬಂದು ನನ್ನ ತೋಳು ಹಿಡಿದಳು. ಹಲಗೆ ಹಾಕಿ ಕೂತೆವು. ಯಂತ್ರ ಯೋಚಿಸಲು ಶುರು ಮಾಡಿದ್ದೇ ಒಳಗಿನಿಂದ ಯಾರೋ ಕರೆದರು, ಎದ್ದು ಹೋದಳು. ಬಂದಳು, ಮತ್ತೆ ಯಾರೋ ಕರೆದರು. ಮಧ್ಯಾಹ್ನದ ಹೊತ್ತಿಗೆ ಅವಳ ಜಾಗದಲ್ಲಿ ತಂಗಿ ಕೂತಿದ್ದಳು. “ಯಾವ ಗುಂಡಿ ಒತ್ತಬೇಕ್ರಿ?” ಎಂದು ನನ್ನನ್ನೇ ಕೇಳುತ್ತಿದ್ದಳು. ಹೇಳಿಕೊಟ್ಟೆ. ಒಳಗಿನಿಂದ ನಗು ಕೇಳಿಸುತ್ತಿತ್ತು, ಅದರಲ್ಲಿ ಅವಳ ನಗು ಯಾವುದೆಂದು ಗುರುತಿಸಲು ನೋಡುತ್ತಿದ್ದೆ.

ಸಂಜೆ ಲೆಕ್ಕ ಹಾಕಿದರು. ಬೇಗ ಆಡುವ ಮಟ್ಟದಲ್ಲಿ ಅವರ ಯಂತ್ರ ಜೋರು, ನಿಧಾನಕ್ಕೆ ಬಿಟ್ಟರೆ ನಮ್ಮದು. ಗಂಡಸರಿಬ್ಬರೂ ತಾವೇ ಗೆದ್ದೆವೆಂದುಕೊಂಡು ಕೈ ಕುಲುಕಿದರು. ಬಸ್ಸಿನವರೆಗೆ ಬರುತ್ತೇನೆ ಅಂದಿದ್ದಳು, ಅಷ್ಟರಲ್ಲಿ ಯಾರೋ ನೆಂಟರು ಬಂದರು. ಬಾಗಿಲಲ್ಲಿ ನಿಂತು ಮತ್ತೆ ಬರ್ರಿ ಅಕ್ಕ ಎಂದಳು. ಹೂಂ ಅಂದೆ. ಅವಳಿಗೀಗ ತನ್ನವರಿದ್ದಾರೆ, ನನ್ನ ಅಗತ್ಯವೇನು ಎಂದುಕೊಂಡೇ ದಾವಣಗೆರೆಯವರೆಗೆ ಕಿಟಕಿಯ ಆಚೆ ನೋಡುತ್ತಿದ್ದೆ.

ಆಮೇಲೆ ಪಂದ್ಯ ಇಲ್ಲ. ಯಂತ್ರ ಬೀರುವಿನ ಮೇಲೆ ಹೋಯಿತು. ಭಾನುವಾರ ಮಧ್ಯಾಹ್ನಗಳು ಉದ್ದವಾದವು. ಯಾರಾದರೂ ಜಗಳೂರಿನ ಬಸ್ಸು ಅಂದರೆ ತಿರುಗಿ ನೋಡುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಆ ಕಡೆ ಒಂದು ಮದುವೆಗೆ ಹೋದವಳು, ಒಬ್ಬಳೇ ಆ ಮನೆ ಹುಡುಕಿಕೊಂಡು ಹೋದೆ. ಆಫೀಸರಿಗೆ ಮತ್ತೆ ವರ್ಗವಾಗಿ ಅವರು ಬಿಜಾಪುರದ ಕಡೆ ಹೋಗಿ ವರ್ಷಗಳಾಗಿದ್ದವು. ಅವ್ವ ಇದ್ದರು. ಹೊನ್ನಾಳಿಯಲ್ಲಿದ್ದಾಗಿನ ಪರಿಚಯ ಅಂದೆ. ಕೂರಿಸಿ, ಶೇಂಗಾ ಬೆಲ್ಲ ಕೊಟ್ಟರು. ಮಗಳ ಸುದ್ದಿ ಕೇಳಿದೆ. ಚೆನ್ನಾಗಿದ್ದಾಳೆ, ಎರಡು ಮಕ್ಕಳು ಅಂದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿ ಹೇಳಿದರು:

“ಏನಿದ್ರೂ ಬಾಯಿ ಬಿಡಲ್ಲಮ್ಮ ಅವಳು. ಸಣ್ಣಾಕಿ ಇದ್ದಾಗಿಂದ್ಲೂ ಹಂಗೇ, ಮಾತೇ ಕಮ್ಮಿ. ನಿನ್ನ ಹತ್ರ ಆದ್ರೂ ಮಾತಾಡ್ತಿದ್ಲಾ?”

ಮಾತಾಡುತ್ತಿದ್ದಳು ಅಂದೆ. ಅವರು ಇನ್ನೂ ಏನೋ ಕೇಳುವವರಂತೆ ನನ್ನನ್ನೇ ನೋಡುತ್ತಿದ್ದರು. ನಾನು ಸ್ವಲ್ಪ ಸರಿದು ಅವರ ಹತ್ತಿರ ಕೂತೆ.