ಫೋನ್ ಬಿಟ್ಟು ಬಂದ ಇಬ್ಬರು

ಗೆಳೆಯರೇ, ನೀವೇ ನ್ಯಾಯ ಹೇಳಿ.

ನಾವು ಬೀದಿಯವರು ವಾಟ್ಸಾಪಿನಲ್ಲಷ್ಟೇ ಮಾತಾಡುತ್ತೇವೆ, ಇನ್ನು ಮೇಲೆ ಭಾನುವಾರ ಸಂಜೆ ಐದಕ್ಕೆ ಬೇವಿನ ಕಟ್ಟೆಯಲ್ಲಿ ಮುಖಾಮುಖಿ ಕೂರೋಣ ಅಂತ ಗ್ರೂಪಿನಲ್ಲೇ ತೀರ್ಮಾನವಾಗಿತ್ತು. ಫೋನ್ ಮನೆಯಲ್ಲೇ ಬಿಡಬೇಕು. ಬಾರದವರು ಮುಂದಿನ ವಾರ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಬೇಕು.

ಇವತ್ತು ಮೊದಲ ಭಾನುವಾರ. ಕಟ್ಟೆಯಲ್ಲಿ ಮೂರನೇ ಮನೆಯ ಬಸಣ್ಣ ಒಬ್ಬರೇ ಇದ್ದರು.

“ಯಾರೂ ಬಂದಿಲ್ವಲ್ರೀ?” ಅಂದೆ.

“ಬರ್ತಾರೆ, ಕುಂತ್ಕಳ್ರಿ. ಇರುವೆ ಅವೆ, ನೋಡ್ಕಂಡು.”

ಇರುವೆ ಕೊಡವಿ ಕೂತೆವು. ಒಂದು ಗಂಟೆ ಮಾತಾಡಿದೆವು. ಎಂಟು ವರ್ಷದಿಂದ ಅವರಿಗೆ ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುತ್ತಿದ್ದೇನೆ. ಅವರು ಕಂಬಳಿ ನೇಯುತ್ತಿದ್ದವರೆಂದು ಗೊತ್ತಾದದ್ದು ಇವತ್ತು.

ಮನೆಗೆ ಬಂದು ಫೋನ್ ನೋಡಿದರೆ, ನಾನು ಹೊರಟ ಮೇಲೆ ಬಂದ ಸಂದೇಶ: “ಕಟ್ಟೆ ಮೇಲೆ ಇರುವೆ ಅವೆ, ಎಲ್ರೂ ಪಾರ್ಕಿಗೆ ಬರ್ರಿ.” ಆಮೇಲೆ ಒಂದೇ ಸಮ “ಎಲ್ಲಿದೀರಿ?”, “ಬಸಣ್ಣ ಎಲ್ಲಿ?”

ಅಡ್ಮಿನ್ ಗಿರಿಜಕ್ಕನಿಗೆ ಫೋನ್ ಮಾಡಿದೆ. “ಅಕ್ಕಾ, ಫೋನ್ ಬಿಟ್ಟು ಬರ್ರಿ ಅಂದೋರು ನೀವೇ ಅಲ್ವಾ?”

“ಹೌದಪ್ಪ. ಆದ್ರೆ ಎಲ್ಲಿ ಸೇರ್ತೀವಿ ಅಂತ ಫೋನಲ್ಲಿ ನೋಡ್ಕಬೇಕೋ ಬ್ಯಾಡ್ವೋ?” ಇಬ್ಬರಿಗೂ ದಂಡ ಖಾಯಂ ಅಂದರು.

ಸಾಕ್ಷಿಗೆ ಪಾರ್ಕಿನ ಫೋಟೊ ಬೇರೆ ಕಳಿಸಿದ್ದಾರೆ. ಹನ್ನೊಂದು ಜನ ಸಾಲಾಗಿ ಕೂತಿದ್ದಾರೆ. ಹನ್ನೊಂದು ತಲೆಗಳೂ ಫೋನಿನ ಕಡೆ ಬಗ್ಗಿವೆ. ನಮ್ಮಿಬ್ಬರಿಗೆ ಮೆಸೇಜು ಮಾಡುತ್ತಿದ್ದರಂತೆ.

ಮಂಡಕ್ಕಿ ತರೋಣ ಬಿಡಿ. ಸಭೆಗೆ ಬಾರದವರು ಯಾರು ಅನ್ನೋದು ಮಾತ್ರ ನನಗಿನ್ನೂ ಗೊತ್ತಾಗುತ್ತಿಲ್ಲ.