ಮಧ್ಯ ಸೀಳಿದ ಸೀಟು

ಸೈಕಲ್ಲಿನ ಮೇಲೆ ಅವರು ಕೂತಿರುತ್ತಿರಲಿಲ್ಲ, ನಿಂತಿರುತ್ತಿದ್ದರು. ಏರು ಬಂದರೆ ಯಾರಾದರೂ ಪೆಡಲ್ ಮೇಲೆ ನಿಂತು ತುಳಿಯುತ್ತಾರೆ. ನಮ್ಮ ಹಿರಿಯ ಮೇಷ್ಟ್ರು ಇಳಿಜಾರಿನಲ್ಲೂ ನಿಂತೇ ಇರುತ್ತಿದ್ದರು. ಕಚ್ಚೆಪಂಚೆ, ಮಾಸಿದ ಕರಿಕೋಟು, ಹಣೆಯಲ್ಲಿ ವಿಭೂತಿ. ಹಿಂದಿನಿಂದ ನೋಡಿದವರಿಗೆ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಅನ್ನಿಸಬೇಕು. ಅವರನ್ನೇ ಏನೋ ಅಟ್ಟಿಸಿಕೊಂಡು ಬರುತ್ತಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಎಪ್ಪತ್ತರ ದಶಕದ ಕೊನೆ. ಗುಬ್ಬಿಗೆ ಸ್ವಲ್ಪ ಈಚೆ, ಟಾರು ರಸ್ತೆಯಿಂದ ಒಳಗಿದ್ದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನನ್ನ ಮೊದಲ ನೌಕರಿ. ಅವರು ಲೆಕ್ಕದ ಮೇಷ್ಟ್ರು, ನಾನು ವಿಜ್ಞಾನದವನು. ಇಬ್ಬರ ಮನೆಯೂ ತುಮಕೂರಿನಲ್ಲಿ. ತುಂಬಿದ ಬಸ್ಸು ಆ ಹಳ್ಳಿಯ ದಾರಿಗೆ ನಿಲ್ಲುತ್ತಿರಲಿಲ್ಲವಾದ್ದರಿಂದ ಹೋಗುತ್ತಾ ಬರುತ್ತಾ ಸೈಕಲ್ಲೇ ಗತಿ. ತಿಂಗಳು ತುಂಬುವುದರೊಳಗೆ ನನ್ನ ಬಾಲಮೂಳೆ ಕೆಂಡವಾಯಿತು. ನಾನೋ, ಕೆಮ್ಮಿದರೆ ಕ್ಷಯ, ಬಿಕ್ಕಿದರೆ ಹೃದಯ ಅನ್ನುವ ಜಾತಿ. ಸ್ಟಾಫ್ ರೂಮಿನಲ್ಲಿ ನನ್ನ ಹೆಸರೇ ಗಾಬರಿ ಮೇಷ್ಟ್ರು. ಮೂಳೆ ಒಳಗೇ ಕೊಳೆಯುತ್ತಿದೆ ಎಂದು ತೀರ್ಮಾನಿಸಿ ಒಂದು ಬೆಳಗ್ಗೆ ಹುಣಸೆಮರದಡಿ ಸೈಕಲ್ ಇಳಿದು ನಿಂತುಬಿಟ್ಟೆ.

ಅವರೂ ಇಳಿದರು. "ಏನಯ್ಯಾ?"

"ಬಾಲಮೂಳೆ ಸಾರ್. ಒಳಗೆ ಏನೋ ಆಗಿದೆ."

"ಬಾಲ ಹೋಗಿ ಎಷ್ಟು ಕಾಲ ಆಯ್ತು, ಅದರ ಚೇಷ್ಟೆ ಹೋಗ್ಲಿಲ್ಲ ನೋಡು! ಈಗ ನಿಂತಿದೀಯಲ್ಲ, ನೋಯ್ತದಾ?"

"ಇಲ್ಲ ಸಾರ್."

"ಮನೇಲಿ ಮಲಗಿದ್ದಾಗ?"

"ಇಲ್ಲ. ನಿದ್ದೆ ಬರ್ತದೆ."

"ಹಂಗಾದ್ರೆ ಅದು ಸೀಟಿನ ಕಾಯಿಲೆ ಕಣಯ್ಯ, ನಿಂದಲ್ಲ. ಸೀಟಿನ ಮೂತಿ ಆಕಾಶ ನೋಡ್ತಾ ಇದೆ, ಇಳಿಸ್ಕೋ. ನೋವು ನಿನ್ ಜೊತೆ ಮನೆಯೊಳಕ್ಕೂ ಬಂದ್ರೆ, ಆಗ ಹೆದರ್ಕೋ."

ಹೇಳಿ ನಕ್ಕರು. ನಗು ಅರ್ಧಕ್ಕೇ ನಿಂತದ್ದನ್ನು ನನ್ನಂಥವನು ಗಮನಿಸದೆ ಇರುವುದುಂಟೇ?

ಅಂದಿನಿಂದ ಅವರ ಮೇಲೆ ಕಣ್ಣಿಟ್ಟೆ. ಸ್ಟಾಫ್ ರೂಮಿನಲ್ಲಿ ಕಿಟಕಿಗೆ ಒರಗಿ ನಿಂತೇ ನೋಟ್ ಪುಸ್ತಕ ತಿದ್ದುತ್ತಿದ್ದರು. ಮದುವೆಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ಸೊಂಟಕ್ಕೆ ವಲ್ಲಿ ಬಿಗಿದು ಸಾರಿನ ಬಕೆಟ್ ಹಿಡಿದುಬಿಡುತ್ತಿದ್ದರು. ಈ ವಯಸ್ಸಿನಲ್ಲೂ ಎಂಥ ಸೇವೆ ಎಂದು ಜನ ಕೊಂಡಾಡುತ್ತಿದ್ದರು. ಕೊನೆಯ ಪಂಕ್ತಿಗೂ ಅವರು ಕೂರುತ್ತಿರಲಿಲ್ಲ. ಒಲೆಯ ಪಕ್ಕ ನಿಂತು ಎರಡು ತುತ್ತು ನುಂಗಿ ಕೈತೊಳೆಯುತ್ತಿದ್ದರು. ಇದನ್ನು ಹೇಳಿದರೆ ಡ್ರಿಲ್ ಮೇಷ್ಟ್ರು, "ನಿಮ್ಮ ಕಾಯಿಲೆ ಸಾಲ್ದು ಅಂತ ಅವರದ್ದೂ ಗುತ್ತಿಗೆ ಹಿಡಿದ್ರಾ?" ಎಂದರು. ಎಲ್ಲರೂ ನಕ್ಕರು. ದಿನಾ ತೋಳ ಬಂತು ಅನ್ನುವವನ ಪಾಡು ಅದು.

ಮಳೆ ಮುಗಿದ ಮೇಲೆ ಒಂದು ದಿನ ಅವರ ಸೈಕಲ್‌ಗೆ ಹೊಸ ಸೀಟು ಬಂತು. ಕುಣಿಗಲ್ಲಿನಲ್ಲಿ ಕುದುರೆಗೆ ಜೀನು ಹೊಲಿಯುವವರೊಬ್ಬರಿಂದ ಹೇಳಿ ಮಾಡಿಸಿದ್ದು. ದಪ್ಪ ಚರ್ಮ, ಬಾಲಮೂಳೆಗೆ ಏನೂ ತಾಕದ ಹಾಗೆ ನಟ್ಟನಡುವೆ ಉದ್ದಕ್ಕೆ ಸೀಳು. "ಸೈಕಲ್‌ಗೆ ಹುರುಳಿ ಬೇಯಿಸ್ಲಾ ಮೇಷ್ಟ್ರೆ?" ಎಂದರು ಡ್ರಿಲ್ ಮೇಷ್ಟ್ರು.

ಸಂಜೆ ವಾಪಸು ಬರುವಾಗ ಅವರು, "ಸೈಕಲ್ ಬದಲಾಯಿಸ್ಕೊಳ್ಳೋಣ ಬಾ" ಎಂದರು. ಹತ್ತಿದೆ. ಅಜ್ಜಿಯ ತೊಡೆಯ ಮೇಲೆ ಕೂತ ಹಾಗಿತ್ತು. ಮೂತಿ ಇಳಿಸಿದ ಮೇಲೂ ಅಷ್ಟಿಷ್ಟು ಉಳಿದಿದ್ದ ನೋವಿನ ಸುಳಿವು ತುಮಕೂರು ಹತ್ತಿರವಾದರೂ ಇಲ್ಲ. "ಸಾರ್, ಮಾಯ ಆಗೋಯ್ತು!" ಎಂದು ಕೂಗಿ ತಿರುಗಿ ನೋಡಿದೆ. ನನ್ನ ಸೈಕಲ್ಲಿನಿಂದ ಇಳಿದು ಅದನ್ನು ತಳ್ಳಿಕೊಂಡು ಬರುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ಪೂರ್ತಿ ಹೋಯ್ತಾ?"

"ಪೂರ್ತಿ ಸಾರ್."

"ನಂಗೆ ಎರಡರ ಮೇಲೂ ಒಂದೇ ಕಣಯ್ಯ. ಸೀಟಿಂದೇ ತಪ್ಪಿರ್ಬೋದು ಅಂತ ತಾಳೆ ನೋಡ್ದೆ. ಸೀಟಿಂದಲ್ಲ."

ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದು ಅಂಗಲಾಚಿದೆ.

"ನಮ್ಮಣ್ಣಂಗೂ ಇಲ್ಲೇ ಗಡ್ಡೆ ಶುರುವಾಗಿದ್ದು. ಬೆಂಗಳೂರಲ್ಲಿ ಕೊಯ್ಸಿದ್ವಿ. ಆಮೇಲೆ ಸಾಯೋತನಕ ಮಗ್ಗುಲು ಹೊರಳಿಸೋಕೂ ನಾವೇ ಬೇಕಾಯ್ತು. ನಾನು ಓಡಾಡ್ಕೊಂಡೇ ಹೋಗ್ತೀನಿ ಬಿಡು. ಮನೇಲಿ ಮಾತ್ರ ಹೇಳ್ಬೇಡ. ಸೀಟು ನೀನೇ ಇಟ್ಕೋ."

ಹೇಳಿದೆ. ಗಾಬರಿಯವನ ಹೊಟ್ಟೆಯಲ್ಲಿ ಗುಟ್ಟು ಅರಗುವುದಿಲ್ಲ. ಅವರಿಲ್ಲದ ಹೊತ್ತು ನೋಡಿ ಮನೆಗೆ ಹೋದೆ. ಅವರ ಹೆಂಡತಿ ರಾಗಿ ಕೇರುತ್ತಿದ್ದವರು ಮೊರ ಕೆಳಗಿಡಲಿಲ್ಲ.

"ಗೊತ್ತು ಕಣಪ್ಪ. ರಾತ್ರಿ ಗೋಡೆ ಹಿಡ್ಕೊಂಡು ನಿಂತಿರ್ತಾರೆ. ನಾನು ನಿದ್ದೆ ಬಂದೋಳ ಹಂಗೆ ಬಿದ್ಕೊಂಡಿರ್ತೀನಿ. ಭಾವನೋರ ಪಾಡು ನಾನೂ ಕಂಡೋಳೇ. ನಂಗೆ ಗೊತ್ತಿಲ್ಲ ಅನ್ನೋದೊಂದು ನೆಮ್ಮದಿ ಇದೆ ಅವರಿಗೆ, ಅದನ್ನ ಕಿತ್ಕೋಬೇಡ."

ಯುಗಾದಿಯ ಹೊತ್ತಿಗೆ ಅವರ ಎಡಗಾಲು ಪೆಡಲ್ ಮೇಲಿಂದ ತಾನೇ ಜಾರತೊಡಗಿತು. ಬೇಸಿಗೆ ರಜೆಗೆ ಶಾಲೆ ಮುಚ್ಚಿದ ದಿನ ಸೈಕಲ್ಲನ್ನೇ ಊರುಗೋಲು ಮಾಡಿಕೊಂಡು ತುಮಕೂರಿನವರೆಗೆ ನಡೆದರು. ನಾನೂ ಇಳಿದು ಜೊತೆಗೆ ನಡೆದೆ. ದಾರಿಯುದ್ದಕ್ಕೂ ವಿಚಾರಿಸಿದ್ದು ನನ್ನ ಕೆಮ್ಮನ್ನು. ಶಾಲೆ ತೆರೆಯುವುದಕ್ಕೆ ಮೊದಲೇ ಹೋಗಿಬಿಟ್ಟರು; ಹಾಸಿಗೆ ಹಿಡಿದದ್ದು ಒಂದೇ ವಾರ.

ಅವರ ಕಡೆ ಕೂರಿಸಿ ಮಣ್ಣು ಮಾಡುವ ಪದ್ಧತಿ. ಕ್ಯಾತ್ಸಂದ್ರದ ಕಡೆಯ ರುದ್ರಭೂಮಿಯಲ್ಲಿ ಗುಂಡಿಯೊಳಗೆ ನಿಂತಿದ್ದವನು ದೇಹವನ್ನು ಇಳಿಸಿಕೊಂಡು ಚಕ್ಕಳಮಕ್ಕಳ ಹಾಕಿಸಲು ಹೊರಟ. ನನ್ನ ಬಾಯಿ ಸುಮ್ಮನಿರಲಿಲ್ಲ. "ನಿಧಾನ! ಕೆಳಗೆ ಏನಾದ್ರೂ ಮೆತ್ತಗೆ ಹಾಕಪ್ಪ" ಎಂದು ಕೂಗಿಬಿಟ್ಟೆ.

ಅವನು ಮೇಲೆ ನೋಡಿದ. "ಇನ್ನೇನ್ ನೋಯ್ತದೆ ಬುಡಿ ಸಾಮಿ."

ಯಾರೋ ಕಿಸಕ್ಕೆಂದರು. ಡ್ರಿಲ್ ಮೇಷ್ಟ್ರು ನನ್ನ ತೋಳು ಹಿಡಿದು ಹಿಂದಕ್ಕೆಳೆದರು. ಆಗ ಹಿರಿಯ ಮೇಷ್ಟ್ರ ಹೆಂಡತಿ ಮುಂದೆ ಬಂದರು. ಎಲ್ಲರಿಗೂ ಕೇಳುವ ಹಾಗೆ, "ಅವರಿಗೆ ಅಲ್ಲಿ ನೋವಿತ್ತು ಕಣಪ್ಪ. ಈ ಮೇಷ್ಟ್ರು ಹೇಳ್ದಂಗೆ ಹಾಕು" ಎಂದರು.

ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಕೆಳಕ್ಕೆ ಕೊಟ್ಟೆ. ತೆಳ್ಳಗಿನ ಟವೆಲ್ಲು. ಎಂಟು ಮಡಿಕೆ ಮಾಡಬೇಕಿತ್ತೇನೋ ಎಂಬ ಚಿಂತೆ ಈಗಲೂ ಇದೆ.