ಬಿಯರಿನ ಬಾರ್ಲಿಗೆ ಹುಗ್ಗಿಯ ನೀರು

ಧಾರವಾಡದಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಕಲ್ಲು ಬಿಗಿ ಮಾಡುವುದನ್ನು ನಾನು ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಮೊದಲೇ ಕಲಿತವನು. ಪರದೇಶಕ್ಕೆ ಬಂದ ಮೇಲೆ, ಇಲ್ಫರ್ಡಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಯರ್ ಮಾಡುವ ಹುಚ್ಚು ಹತ್ತಿ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಒಡೆಯಲು ಕೈಗಿರಣಿ ತರಿಸಿದಾಗ, ಜೊತೆಗೆ ಬಂದ ಸೂಚನೆಯ ಹಾಳೆಯನ್ನು ಓದದೆಯೇ ಬಿಸಾಕಿದೆ. ಗಿರಣಿಯವನ ಮಗನಿಗೆ ಇವರು ಬೀಸುವುದನ್ನು ಕಲಿಸುತ್ತಾರೆಯೇ?

ಮೊದಲ ಸಲ ರೋಲರುಗಳನ್ನು ಬಿಗಿಯಾಗಿ ಕೂಡಿಸಿ ರೊಟ್ಟಿ ಹಿಟ್ಟಿನಷ್ಟು ನುಣ್ಣಗೆ ಬೀಸಿದೆ. ಬಿಸಿನೀರು ಬಿದ್ದದ್ದೇ ತಡ, ಎಲ್ಲ ಅಂಟಂಟಾಗಿ ಪಾತ್ರೆಯ ನಲ್ಲಿ ಕಟ್ಟಿಕೊಂಡಿತು. ಬಿಯರಾಗಬೇಕಾದ ಬಾರ್ಲಿಯ ಸಿಹಿನೀರು ಸೋಸಿ ಇಳಿಯಲು ಹೊಟ್ಟೇ ಜರಡಿಯಾಗಬೇಕು. ನಾನು ಹೊಟ್ಟನ್ನೇ ಪುಡಿ ಮಾಡಿದ್ದೆ. ಎರಡನೆಯ ಸಲ ಸಿಟ್ಟಿನಿಂದ ಸಂದಿ ಸಡಿಲಿಸಿದೆ. ಅರ್ಧ ಕಾಳು ಇಡಿಯಾಗಿಯೇ ಉಳಿದವು, ಇಳಿದದ್ದು ಅಕ್ಕಿ ತೊಳೆದ ನೀರಿನಂಥದ್ದು.

"ಮೂರನೇದೂ ಕೆಟ್ರ ಗಿರಣಿ, ಪಾತ್ರಿ ಎಲ್ಲಾ ಕೌನ್ಸಿಲ್ ಕಸಕ್ಕ ಹಾಕ್ತೀನಿ," ಎಂದಳು ಹೆಂಡತಿ. ಹಾಕುವವಳೇ ಅವಳು. ಅದಕ್ಕಿಂತ ಹೆಚ್ಚಾಗಿ, ಗಿರಣಿಯವನ ಮಗ ಕಾಳು ಒಡೆಯಲು ಸೋತ ಎಂಬ ಮಾತು ಊರು ಮುಟ್ಟುವುದನ್ನು ನೆನೆದೇ ನನಗೆ ನಿದ್ದೆ ಹಾರಿತ್ತು.

ಮೂರನೆಯ ಸಲಕ್ಕೆ ಅಣಿಯಾದ ಶನಿವಾರ ಶೆಡ್ಡಿನ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಮಗಳನ್ನು ನೋಡಲೆಂದು ಹುಬ್ಬಳ್ಳಿಯಿಂದ ಬಂದಿದ್ದವರು, ಬಿಯರಿನ ಹೆಸರೆತ್ತಿದರೆ ಸೆರಗು ಮೂಗಿಗೆ ಹಿಡಿಯುವವರು. ಆದರೂ ಒಣ ಕಾಳು ಗಿರಣಿಗೆ ಸುರಿಯುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ.

"ಅಳಿಯಂದ್ರ, ಹುಗ್ಗಿ ಗೋಧಿ ಕುಟ್ಟೂಮುಂದ ನೀರ ಚಿಮುಕಸ್ತೀವಿಲ್ಲೋ? ಹಸಿ ಸಿಪ್ಪಿ ಹರಿಯೂದಿಲ್ಲ. ಒಣಾ ಸಿಪ್ಪಿ ಪುಡಿ ಆಗತದ."

"ಇದು ಹುಗ್ಗಿ ಅಲ್ರಿ ಅತ್ತಿ, ಬಿಯರ್."

"ಗೊತ್ತದರಿ. ಕುಡಿಯೂದು ನಿಮ್ಮ ಕರ್ಮ. ಕಾಳು ಯಾಕ ಹಾಳ ಮಾಡ್ತೀರಿ?"

ಮೈ ಉರಿಯಿತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅತ್ತೆ ಒಂದು ಬೊಗಸೆ ನೀರು ಚಿಮುಕಿಸಿ, ಕಾಳಿಗೆಲ್ಲ ತಾಗುವಂತೆ ಕೈಯಾಡಿಸಿ, ಕಾಲು ತಾಸು ಹಾಗೇ ಬಿಟ್ಟರು. ನಾನು ಬ್ಯಾಂಕ್ ಕಾರ್ಡನ್ನು ರೋಲರುಗಳ ನಡುವೆ ತೂರಿಸಿ, ಅದು ತುಸು ಬಿಗಿಯಾಗಿ ಜಾರುವಷ್ಟಕ್ಕೆ ತಿರುಪು ನಿಲ್ಲಿಸಿದೆ. ಒಡೆದ ಕಾಳನ್ನು ಅತ್ತೆ ಓವನ್ ಟ್ರೇಯಲ್ಲೇ ಕೇರಿ ತೋರಿಸಿದರು. ಹೊಟ್ಟು ಇಡಿಯಾಗಿತ್ತು, ಒಳಗಿನದು ನುಚ್ಚಾಗಿತ್ತು.

ಅದನ್ನು ಬಿಸಿನೀರಲ್ಲಿ ನೆನೆಯಿಟ್ಟು, ಮಧ್ಯಾಹ್ನ ಪಾತ್ರೆಯ ನಲ್ಲಿ ತಿರುಗಿಸಿದೆ. ಜೇನಿನ ಬಣ್ಣದ ನೀರು ಧಾರೆಯಾಗಿ ಇಳಿಯಿತು. ಸಿಹಿ ಅಳೆಯುವ ಗಾಜಿನ ಕೊಳವೆಯನ್ನು ಅದರಲ್ಲಿ ತೇಲಿಬಿಟ್ಟರೆ, ಬಿಯರಿನ ಪುಸ್ತಕ ಹೇಳಿದ ಗೆರೆಗಿಂತ ಎರಡು ಗೆರೆ ಮೇಲೆದ್ದು ನಿಂತಿತು, ಅಂದರೆ ಸಿಹಿ ಅಷ್ಟು ಹೆಚ್ಚೇ ಇಳಿದಿತ್ತು. ಮೊಣಕಾಲು ನೋವು ಮರೆತು ಶೆಡ್ಡಿನಲ್ಲೇ ಕುಣಿದೆ. ಅಪ್ಪ ಇದ್ದಿದ್ದರೆ ಫೋನ್ ಮಾಡಿ ಕಿವಿ ಕಿತ್ತುಹೋಗುವಷ್ಟು ಹೇಳುತ್ತಿದ್ದೆ.

ಹೆಂಡತಿ ಒಂದು ಲೋಟ ಹಿಡಿದು ತಾಯಿಯ ಕೈಗಿಟ್ಟಳು. "ಕುಡಿ ಅವ್ವಾ, ಇದಕ್ಕಿನ್ನೂ ಅಮಲು ಬಂದಿಲ್ಲ. ಬರೇ ಸಿಹಿ."

ಅತ್ತೆ ಅನುಮಾನದಿಂದ ಒಂದು ಗುಟುಕು ಕುಡಿದರು. ಆಮೇಲೆ ಲೋಟ ಖಾಲಿ ಮಾಡಿದರು.

"ಗಿರಣಿ ಇರಲಿ ಬಿಡವಾ," ಎಂದು ಮಗಳಿಗೆ ಹೇಳಿ, ನನ್ನ ಕಡೆ ತಿರುಗಿದರು. "ಆದ್ರ ಅಳಿಯಂದ್ರ, ಇಲ್ಲಿಗೇ ಸಾಕ ಮಾಡ್ರಿ. ಇಷ್ಟ ಚಲೋ ಆಗೇದ, ಮುಂದ ಕೆಡಸಬ್ಯಾಡ್ರಿ."